ರೆವ್ ನ್ಯೂಮ್ಯಾಟಿಕ್ ಹಬ್: ತಪ್ಪು ಗಾಳಿಯಲ್ಲೋ, ಪ್ರೋಗ್ರಾಮಿನಲ್ಲೋ?

ಅಮೆರಿಕದಲ್ಲಿ 1992ರಲ್ಲಿ ಆರಂಭವಾದ ಫಸ್ಟ್ ರೊಬಾಟಿಕ್ಸ್ ಸ್ಪರ್ಧೆಯಲ್ಲಿ ಸಂಕುಚಿತ ಗಾಳಿಯಿಂದ ಕೈ ಚಾಚುವ, ಹಿಡಿಯುವ, ತಳ್ಳುವ ರೋಬಾಟ್‌ಗಳನ್ನು ಕಟ್ಟುವ ಪ್ರೌಢಶಾಲಾ ತಂಡಗಳು, 2015ರಲ್ಲಿ ರೋಬಾಟ್‌ನ ಮುಖ್ಯ ಗಣಕವಾದ ರೋಬೋರಿಯೋ ನಿಯಂತ್ರಕ ಬಂದ ಮೇಲೆ ಬಹುಪಾಲು ಬಳಸುತ್ತಿದ್ದುದು ವಾಲ್ವ್‌ಗಳನ್ನೂ ಗಾಳಿ ತುಂಬುವ ಕಂಪ್ರೆಸರನ್ನೂ ನಿಯಂತ್ರಿಸುವ, ಸಿಟಿಆರ್‌ಇ ಕಂಪನಿಯ ಪಿಸಿಎಂ ಎಂಬ ಮಾಡ್ಯೂಲನ್ನು. 2022ರ ಸ್ಪರ್ಧೆಯ ಹೊತ್ತಿಗೆ ಟೆಕ್ಸಾಸ್‌ನ ರೆವ್ ರೊಬಾಟಿಕ್ಸ್ ಅದೇ ಕೆಲಸಕ್ಕೆ ತನ್ನ ನ್ಯೂಮ್ಯಾಟಿಕ್ ಹಬ್ಬನ್ನು ಮಾರುಕಟ್ಟೆಗೆ ತಂದಿತು. ಎರಡರಲ್ಲಿ ಯಾವುದು ಮೇಲು ಎಂದು ಕೇಳುವವರು ಸಾಮಾನ್ಯವಾಗಿ ಚಾನೆಲ್‌ಗಳ, ಅಂದರೆ ವಾಲ್ವ್‌ಗಳನ್ನು ಜೋಡಿಸುವ ವಿದ್ಯುತ್ ಹೊರದಾರಿಗಳ, ಸಂಖ್ಯೆಯನ್ನು ಹೋಲಿಸುತ್ತಾರೆ: ಪಿಸಿಎಂನಲ್ಲಿ 8, ಹಬ್‌ನಲ್ಲಿ 16. ಎರಡು ವಿದ್ಯುತ್ ಸುರುಳಿಗಳಿಂದ ತಿರುಗುವ ಡಬಲ್ ಸೊಲೆನಾಯ್ಡ್ ವಾಲ್ವ್ ಒಂದಕ್ಕೆ ಎರಡು ಚಾನೆಲ್ ಬೇಕಾಗುವುದರಿಂದ ಪಿಸಿಎಂನಲ್ಲಿ ಅಂಥ ನಾಲ್ಕೇ ವಾಲ್ವ್‌ಗಳಿಗೆ ಜಾಗವಿದೆ ಎಂಬುದು ನಿಜ. ಆದರೆ ನಾಲ್ಕಕ್ಕಿಂತ ಹೆಚ್ಚು ವಾಲ್ವ್ ಬೇಕಾಗುವ ರೋಬಾಟ್‌ಗಳು ಕಡಿಮೆ. ಹಬ್ಬನ್ನು ಕೊಳ್ಳಲು ನನಗೆ ಕಾಣುವ ಕಾರಣ ಬೇರೆ: ಗಾಳಿಯ ಬಲದಿಂದ ಚಾಚುವ ಸಿಲಿಂಡರ್ ಅಲುಗದೆ ನಿಂತಾಗ ತಪ್ಪು ಎಲ್ಲಿದೆ ಎಂದು ಹುಡುಕುವುದಕ್ಕೆ ಅದು ಕೊಡುವ ನೆರವು.

ಹಬ್‌ಗೆ ಗಾಳಿಯ ಒತ್ತಡವನ್ನು ಅಂಕಿಯಾಗಿ ಅಳೆಯುವ ಅನಲಾಗ್ ಒತ್ತಡ ಸಂವೇದಕವನ್ನು ಜೋಡಿಸಬಹುದು. ಪಿಸಿಎಂಗೆ ಒತ್ತಡದ ಬಗ್ಗೆ ತಿಳಿಯುವುದು ಟ್ಯಾಂಕ್ ತುಂಬಿದಾಗ ತೆರೆದುಕೊಳ್ಳುವ ಒತ್ತಡದ ಸ್ವಿಚ್ ಮುಚ್ಚಿದೆಯೋ ತೆರೆದಿದೆಯೋ ಎಂಬಷ್ಟೇ; ಹಬ್ ಮಾತ್ರ ಶೇಖರಣಾ ಟ್ಯಾಂಕಿನಲ್ಲಿ ಈ ಕ್ಷಣ ಎಷ್ಟು ಪಿಎಸ್‌ಐ (ಒತ್ತಡದ ಅಳತೆಮಾನ) ಇದೆ ಎಂಬುದನ್ನು ಪ್ರೋಗ್ರಾಮಿಗೆ ತಿಳಿಸುತ್ತದೆ. ಸ್ಪರ್ಧೆಯ ನಿಯಮದಂತೆ ಶೇಖರಣೆಯಲ್ಲಿ ಗರಿಷ್ಠ 120 ಪಿಎಸ್‌ಐ, ಒತ್ತಡ ತಗ್ಗಿಸುವ ರೆಗ್ಯುಲೇಟರ್ ದಾಟಿ ಸಿಲಿಂಡರ್‌ಗೆ ಹೋಗುವ ಗಾಳಿಯಲ್ಲಿ ಗರಿಷ್ಠ 60 ಪಿಎಸ್‌ಐ ಇರಬಹುದು. ಪಂದ್ಯದ ಮಧ್ಯದಲ್ಲಿ ಶೇಖರಣೆ 40ಕ್ಕೆ ಇಳಿದಿದ್ದರೆ ಸಿಲಿಂಡರ್ ನಿಧಾನವಾಗುವುದು ಸಹಜ. ಪೈಲಟ್ ಗಾಳಿಯಿಂದ, ಅಂದರೆ ಗಾಳಿಯ ಒತ್ತಡದ ನೆರವಿನಿಂದಲೇ ತಿರುಗುವ ವಾಲ್ವ್‌ಗಳಂತೂ ಒತ್ತಡ ಇನ್ನಷ್ಟು ಕುಸಿದರೆ ವಿದ್ಯುತ್ ಸರಿಯಾಗಿ ಬಂದರೂ ತಿರುಗುವುದಿಲ್ಲ. ಈ ಅಂಕಿಯನ್ನು ಚಾಲಕರ ಪರದೆಯಲ್ಲಿ ತೋರಿಸಿದರೆ, ಪ್ರೋಗ್ರಾಂ ಬರೆಯುವ ವಿದ್ಯಾರ್ಥಿಯೂ ಪೈಪ್ ಜೋಡಿಸಿದ ವಿದ್ಯಾರ್ಥಿಯೂ ಪರಸ್ಪರ ಬೆರಳು ತೋರಿಸುತ್ತ ಕಳೆಯುವ ಹೊತ್ತು ಉಳಿಯುತ್ತದೆ. ಸಂವೇದಕವನ್ನು ಪ್ರತ್ಯೇಕವಾಗಿ ಕೊಳ್ಳಬೇಕು, ಮತ್ತು ಅದಿಲ್ಲದೆ ಹಬ್ ಕೊಂಡರೆ ಅರ್ಧ ವಸ್ತುವನ್ನು ಕೊಂಡಂತೆ ಎಂಬುದು ನನ್ನ ಅಭಿಪ್ರಾಯ.

ಈ ಸಂವೇದಕವೇ ಒಂದು ಸಿಕ್ಕಿಗೂ ಕಾರಣವಾಗುತ್ತದೆ. ತಂಡಗಳು ರೋಬಾಟ್ ಪ್ರೋಗ್ರಾಂ ಬರೆಯಲು ಬಳಸುವ ಡಬ್ಲ್ಯೂಪಿಐಲಿಬ್ ಲೈಬ್ರರಿಯಲ್ಲಿ ಕಂಪ್ರೆಸರ್ ತಾನಾಗಿ ಅನುಸರಿಸುವುದು ಡಿಜಿಟಲ್ ಕ್ರಮವನ್ನು, ಅಂದರೆ ಒತ್ತಡದ ಸ್ವಿಚ್ಚನ್ನು. ಸ್ವಿಚ್ಚಿನ ತಂತಿ ಇಲ್ಲದಿದ್ದರೆ ಟ್ಯಾಂಕ್ ತುಂಬಿದೆ ಎಂದೇ ಭಾವಿಸಿ ಅದು ಸುಮ್ಮನಿರುತ್ತದೆ. ಆದ್ದರಿಂದ ಅನಲಾಗ್ ಸಂವೇದಕವನ್ನು ಮಾತ್ರ ಅಳವಡಿಸಿದ ತಂಡವು, ಕನಿಷ್ಠ ಮತ್ತು ಗರಿಷ್ಠ ಒತ್ತಡಗಳನ್ನು ಕೊಟ್ಟು ಅನಲಾಗ್ ಕ್ರಮವನ್ನು ಪ್ರೋಗ್ರಾಮಿನಲ್ಲಿ ಸ್ಪಷ್ಟವಾಗಿ ಕೇಳಿಕೊಳ್ಳದಿದ್ದರೆ, ಕಂಪ್ರೆಸರ್ ಕೆಟ್ಟಿದೆಯೆಂದು ಅದನ್ನೇ ಬಿಚ್ಚತೊಡಗುತ್ತದೆ. ರೋಬಾಟ್ ಎನೇಬಲ್ ಆಗದೆ, ಅಂದರೆ ಅದಕ್ಕೆ ಚಲಿಸಲು ಅನುಮತಿ ಕೊಡದೆ, ಕಂಪ್ರೆಸರ್ ಓಡುವುದಿಲ್ಲ ಎಂಬುದನ್ನೂ ಹೊಸಬರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಪಿಸಿಎಂಗೆ ಬರೆದ ಹಳೆಯ ಪ್ರೋಗ್ರಾಮನ್ನು ಹಬ್‌ಗೆ ತರುವಾಗ ಎರಡು ಕಡೆ ತಿದ್ದಬೇಕು. 2022ರಿಂದ ಪ್ರತಿ ಸೊಲೆನಾಯ್ಡನ್ನು ಘೋಷಿಸುವಾಗ ಮಾಡ್ಯೂಲಿನ ಬಗೆಯನ್ನು ಹೇಳಲೇಬೇಕು. ಅಲ್ಲಿ ಹಳೆಯ ಮಾಡ್ಯೂಲಿನ ಹೆಸರು ಉಳಿದರೆ ಪ್ರೋಗ್ರಾಂ ಕಂಪೈಲ್ ಆಗುತ್ತದೆ, ಓಡುತ್ತದೆ, ಆದರೆ ಇಲ್ಲದ ಸಾಧನವನ್ನು ಕರೆಯುತ್ತ ಚಾಲಕರ ಲ್ಯಾಪ್‌ಟಾಪಿನ ಡ್ರೈವರ್ ಸ್ಟೇಷನ್ ಪರದೆಯಲ್ಲಿ ಕ್ಯಾನ್ (ಸಾಧನಗಳು ಮಾತಾಡಿಕೊಳ್ಳುವ ತಂತಿಜಾಲ) ದೋಷಗಳನ್ನು ಸುರಿಯುತ್ತದೆ. ಇನ್ನೊಂದು, ಆ ಜಾಲದಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ, ಅಂದರೆ ಕ್ಯಾನ್ ಐಡಿ. ಪಿಸಿಎಂನ ಮೂಲ ಐಡಿ 0, ಹಬ್‌ನದು 1. ಐಡಿಯನ್ನು ಪ್ರೋಗ್ರಾಮಿನಲ್ಲಿ 0 ಎಂದೇ ಬರೆದಿಟ್ಟ ತಂಡಗಳಿಗೆ ಇದು ಅನವಶ್ಯಕ ಕಿರಿಕಿರಿ. ವಿದ್ಯುತ್ತನ್ನು ಹಂಚುವ ಪವರ್ ಡಿಸ್ಟ್ರಿಬ್ಯೂಷನ್ ಹಬ್‌ನ ಐಡಿಯೂ 1 ಆಗಿರುವುದನ್ನು ಕಂಡು ಕೆಲವರು ಗಾಬರಿಯಾಗುತ್ತಾರೆ. ಬೇರೆ ಬೇರೆ ಬಗೆಯ ಸಾಧನಗಳು ಒಂದೇ ಸಂಖ್ಯೆಯನ್ನು ಹಂಚಿಕೊಂಡರೆ ತೊಂದರೆಯಿಲ್ಲ.

ಮಾಡ್ಯೂಲಿಗೆ ಸಂಬಂಧಿಸದ ತಪ್ಪುಗಳೂ ಇವೆ, ಮತ್ತು ಅವುಗಳ ಹೊಣೆಯನ್ನು ಹಬ್ ಮೇಲೆ ಹೊರಿಸುವುದು ಅನ್ಯಾಯ. ಡಬಲ್ ಸೊಲೆನಾಯ್ಡ್ ಶುರುವಿನಲ್ಲಿ ಆಫ್ ಸ್ಥಿತಿಯಲ್ಲಿರುತ್ತದೆ, ಮತ್ತು ಆಫ್ ಇದ್ದಾಗ ಟಾಗಲ್ (ಇರುವ ದಿಕ್ಕನ್ನು ತಿರುಗುಮುರುಗು ಮಾಡುವ) ಆಜ್ಞೆ ಏನನ್ನೂ ಮಾಡುವುದಿಲ್ಲ. ಮೊದಲು ಫಾರ್ವರ್ಡ್ ಅಥವಾ ರಿವರ್ಸ್ ಎಂದು ನಿಗದಿಪಡಿಸಿರಬೇಕು. ಪ್ರೋಗ್ರಾಮಿನ ಮುಖ್ಯ ಸುತ್ತು 20 ಮಿಲಿಸೆಕೆಂಡಿಗೊಮ್ಮೆ ಓಡುವುದರಿಂದ, ಬಟನ್ ಒತ್ತಿದ ಕ್ಷಣವನ್ನು ಕೇಳುವ ಬದಲು ಬಟನ್ ಒತ್ತಿಹಿಡಿದಿದೆಯೇ ಎಂದು ಕೇಳಿ ಟಾಗಲ್ ಮಾಡಿದರೆ ವಾಲ್ವ್‌ಗೆ ಸೆಕೆಂಡಿಗೆ 50 ಬಾರಿ ಆಜ್ಞೆ ಹೋಗುತ್ತದೆ. ಪಿಸ್ಟನ್ ನಡುಗಿ, ಎಲ್ಲಿ ನಿಲ್ಲುತ್ತದೋ ಅದು ಅದೃಷ್ಟಕ್ಕೆ ಬಿಟ್ಟದ್ದು. ಇಂಥ ಸಂದೇಹ ಬಂದಾಗ ಲ್ಯಾಪ್‌ಟಾಪ್ ತೆರೆಯುವ ಮೊದಲು ವಾಲ್ವ್ ಮೇಲಿರುವ ಮ್ಯಾನ್ಯುಯಲ್ ಓವರ್‌ರೈಡ್ ಗುಂಡಿಯನ್ನು, ಎಲ್ಲರ ಕೈಗಳೂ ದೂರವಿವೆ ಎಂದು ನೋಡಿಕೊಂಡು, ಒತ್ತಿ ನೋಡಬೇಕು. ಸಿಲಿಂಡರ್ ಚಲಿಸಿದರೆ ಗಾಳಿಯ ದಾರಿ ಸರಿಯಿದೆ. ತಪ್ಪು ವಿದ್ಯುತ್ತಿನಲ್ಲಿದೆ, ಇಲ್ಲವೇ ಪ್ರೋಗ್ರಾಮಿನಲ್ಲಿದೆ.

ಹಬ್‌ನ ದೊಡ್ಡ ಕೊರತೆ ಪಿಸಿಎಂನಲ್ಲೂ ಇರುವಂಥದ್ದೇ. ವಾಲ್ವ್‌ಗಳಿಗೆ 12 ವೋಲ್ಟ್ ಬೇಕೋ 24 ವೋಲ್ಟ್ ಬೇಕೋ ಎಂಬುದನ್ನು ಇಡೀ ಮಾಡ್ಯೂಲಿಗೆ ಒಟ್ಟಾಗಿ ಆರಿಸಬೇಕು; ಎರಡೂ ಬಗೆಯ ವಾಲ್ವ್‌ಗಳನ್ನು ಬೆರೆಸುವಂತಿಲ್ಲ. 24 ವೋಲ್ಟಿನ ವಾಲ್ವ್‌ಗೆ 12 ಕೊಟ್ಟರೆ ಅದು ತಿರುಗುವುದಿಲ್ಲ, ಪ್ರೋಗ್ರಾಂ ಮಾತ್ರ ಫಾರ್ವರ್ಡ್ ಎಂದೇ ವರದಿ ಮಾಡುತ್ತಿರುತ್ತದೆ. 12 ವೋಲ್ಟಿನದಕ್ಕೆ 24 ಕೊಟ್ಟರೆ ಕಾಯಿಲ್ ಸುಟ್ಟೀತು. ಹಳೆಯ ವರ್ಷಗಳ ವಾಲ್ವ್‌ಗಳನ್ನು ಡಬ್ಬದಲ್ಲಿ ಕೂಡಿಟ್ಟಿರುವ ತಂಡಗಳು ಪ್ರತಿಯೊಂದರ ಮೇಲಿನ ಬರಹವನ್ನೂ ಓದಿ ಬೇರ್ಪಡಿಸಿಕೊಳ್ಳಬೇಕು.

ಕೆಲಸ ಮಾಡುವ ಪಿಸಿಎಂ ಇದ್ದು, ರೋಬಾಟ್‌ನಲ್ಲಿ ಎರಡೋ ಮೂರೋ ಸಿಲಿಂಡರ್‌ಗಳಷ್ಟೇ ಇರುವ ತಂಡ ಬದಲಾಯಿಸುವ ಅಗತ್ಯವಿಲ್ಲ. ಹೊಸದಾಗಿ ಶುರುಮಾಡುವ ತಂಡಕ್ಕೆ, ಅದರಲ್ಲೂ ಮೋಟಾರ್ ನಿಯಂತ್ರಕಗಳಾಗಿ ಈಗಾಗಲೇ ರೆವ್‌ನ ಸ್ಪಾರ್ಕ್ ಮ್ಯಾಕ್ಸ್ ಬಳಸುತ್ತಿರುವವರಿಗೆ, ಐಡಿ ಮತ್ತು ಫರ್ಮ್‌ವೇರ್‌ಗಳನ್ನೆಲ್ಲ ರೆವ್‌ನ ಹಾರ್ಡ್‌ವೇರ್ ಕ್ಲೈಂಟ್ ಎಂಬ ಒಂದೇ ತಂತ್ರಾಂಶದಲ್ಲಿ ನೋಡಿಕೊಳ್ಳಬಹುದಾದ್ದರಿಂದ, ಸಂವೇದಕದ ಸಮೇತ ಹಬ್ಬನ್ನೇ ಶಿಫಾರಸು ಮಾಡುತ್ತೇನೆ.