ಕಡಲಂಚಿನ ಗಾಜಿಗೆ ಡೌಸಿಲ್ 995: ಅಂಟು ಗಟ್ಟಿ, ಅಂಟುವ ಮೈ ಹೇಗಿದೆ?

ಕಾರವಾರದ ಕೋಡಿಬಾಗದಿಂದ ಅಂಕೋಲಾ, ಕುಮಟಾದವರೆಗೆ ಸಮುದ್ರದ ಕಡೆ ಮುಖಮಾಡಿದ ಹೊಸ ಲಾಡ್ಜು, ಮನೆಗಳಿಗೆ ಆಳೆತ್ತರದ ಗಾಜು ಬೇಕು. ಹೊರಗಿನಿಂದ ಬೀಡಿಂಗ್ (ಗಾಜನ್ನು ಒತ್ತಿ ಹಿಡಿಯುವ ಪಟ್ಟಿ) ಕಾಣಬಾರದು ಎಂದರೆ ಗಾಳಿ ಎಳೆದಾಗ ಗಾಜನ್ನು ಅಲ್ಯೂಮಿನಿಯಂ ಫ್ರೇಮಿಗೆ ಹಿಡಿದಿಡುವುದು ಸಿಲಿಕಾನ್ ಒಂದೇ. ಈ ಕೆಲಸಕ್ಕೆಂದೇ ತಯಾರಾದ ಸ್ಟ್ರಕ್ಚರಲ್ ಸಿಲಿಕಾನ್ ಡೌಸಿಲ್ 995. ಹಳಬರಿಗೆ ಇದು ಡೌ ಕಾರ್ನಿಂಗ್ 995. ನಮ್ಮ ಅಭಿಪ್ರಾಯ: ಧೈರ್ಯವಾಗಿ ಕೊಳ್ಳಿ. ಆದರೆ ಈ ಜೋಡಣೆಯಲ್ಲಿ ಸೋಲುವುದು ಸಾಮಾನ್ಯವಾಗಿ ಟ್ಯೂಬಿನೊಳಗಿನ ಮಾಲಲ್ಲ, ಅದು ಹಿಡಿಯಬೇಕಾದ ಲೋಹದ ಮೈ. ಉಪ್ಪುಗಾಳಿಯ ಊರಲ್ಲಿ ಈ ಮಾತು ಇನ್ನೂ ನಿಜ.

ಮಾಲಿನ ಗುಣ ಮೊದಲು ನೋಡೋಣ. ಇದು ಒಂದೇ ಭಾಗದ ನ್ಯೂಟ್ರಲ್, ಅಂದರೆ ಗಟ್ಟಿಯಾಗುವಾಗ ಆಮ್ಲ ಬಿಡದ, ಸಿಲಿಕಾನ್. ಕಲಸುವ ಗೊಡವೆ ಇಲ್ಲ, ಗಾಳಿಯ ತೇವದಿಂದಲೇ ಗಟ್ಟಿಯಾಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭವಾಗಿ ಸಿಗುವ, ವಿನೆಗರ್ ವಾಸನೆಯ ಜಿಪಿ (ಸಾಮಾನ್ಯ ಬಳಕೆಯ) ಸಿಲಿಕಾನ್ ಬೇರೆಯೇ ಜಾತಿ. ಅದರಿಂದ ಹೊರಬರುವ ಆಮ್ಲ ಲೋಹವನ್ನು ತಿನ್ನುತ್ತದೆ, ಲ್ಯಾಮಿನೇಟೆಡ್ ಗಾಜಿನ ಅಂಚಿನ ಪದರ ಕೆಡಿಸುತ್ತದೆ. ಅಕ್ವೇರಿಯಂಗೆ ಸರಿ, ಗಾಜನ್ನು ಹಿಡಿದಿಡುವ ಜೋಡಣೆಗೆ ಬೇಡವೇ ಬೇಡ. ಸ್ಟ್ರಕ್ಚರಲ್ ಸಿಲಿಕಾನ್ ಕನಿಷ್ಠ 345 ಕಿಲೊಪಾಸ್ಕಲ್ ಎಳೆತ ತಡೆಯಬೇಕು ಎನ್ನುತ್ತದೆ ಅಮೆರಿಕದ ಎಎಸ್‌ಟಿಎಂ ಸಿ1184 ಮಾನಕ. ಲೆಕ್ಕಕ್ಕೆ ಹಿಡಿಯುವುದು ಮಾತ್ರ 140, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 1.4 ಕಿಲೊ. ಉಳಿದದ್ದು ವಯಸ್ಸು, ಬಿಸಿಲು, ಕೈತಪ್ಪುಗಳಿಗೆ ಬಿಟ್ಟ ಅಂತರ. ಅದನ್ನು ಉಳಿತಾಯವೆಂದು ಮುಟ್ಟಬೇಡಿ.

ಇನ್ನು ಬೈಟ್. ಸಿಲಿಕಾನ್ ಗಾಜಿನ ಮೇಲೆ ಎಷ್ಟು ಅಗಲಕ್ಕೆ ಹಿಡಿದಿದೆ ಎಂಬ ಅಳತೆ ಇದು. ಗಾಜಿನ ಕಿರಿಯ ಬದಿಯನ್ನು (ಮಿ.ಮೀ.ಗಳಲ್ಲಿ) ಗಾಳಿಯ ಒತ್ತಡದಿಂದ (ಕಿಲೊಪಾಸ್ಕಲ್‌ಗಳಲ್ಲಿ) ಗುಣಿಸಿ, ಅರ್ಧ ಮಾಡಿ, 140ರಿಂದ ಭಾಗಿಸಿದರೆ ಸಿಗುತ್ತದೆ. 1.2 ಮೀಟರ್ ಅಗಲ, 2.1 ಮೀಟರ್ ಎತ್ತರದ ಗಾಜಿಗೆ 1.5 ಕಿಲೊಪಾಸ್ಕಲ್ ಒತ್ತಡ ಹಿಡಿದರೆ 6.4 ಮಿ.ಮೀ. ಬರುತ್ತದೆ; 8 ಇಡಿ. ಒತ್ತಡ 2 ಆದರೆ 8.6, ಆಗ 10 ಇಡಬೇಕು. ಮೇಲಿನ ಮಹಡಿಗಳಿಗೆ, ಕಟ್ಟಡದ ಮೂಲೆಗಳಿಗೆ ಒತ್ತಡವನ್ನು ಗಾಳಿಯ ಹೊರೆಯ ಭಾರತೀಯ ಮಾನಕವಾದ ಐಎಸ್ 875ರ ಮೂರನೇ ಭಾಗದಂತೆ ಎಂಜಿನಿಯರೇ ತೆಗೆಯಲಿ, ಅಂದಾಜು ಬೇಡ. ಲೆಕ್ಕ ಎಷ್ಟೇ ಕಡಿಮೆ ಬಂದರೂ 6 ಮಿ.ಮೀ.ಗಿಂತ ಕೆಳಗೆ ಇಳಿಯುವಂತಿಲ್ಲ.

ಗಾಜಿಗೂ ಫ್ರೇಮಿಗೂ ನಡುವಿನ ದಪ್ಪವೂ 6 ಮಿ.ಮೀ. ಇರಲೇಬೇಕು. ಬಿಸಿಲಿಗೆ ಅಲ್ಯೂಮಿನಿಯಂ ಗಾಜಿಗಿಂತ ಎರಡೂವರೆ ಪಟ್ಟು ಹಿಗ್ಗುತ್ತದೆ. 2.1 ಮೀಟರ್ ಉದ್ದಕ್ಕೆ, 40 ಡಿಗ್ರಿ ಏರಿಳಿತಕ್ಕೆ, ಎರಡರ ನಡುವೆ ಸುಮಾರು 1.2 ಮಿ.ಮೀ. ವ್ಯತ್ಯಾಸ. ಗಟ್ಟಿಯಾಗಿ ರಬ್ಬರಿನಂತಾದ ಆರು ಮಿ.ಮೀ. ಸಿಲಿಕಾನ್ ಇದನ್ನು ಸಲೀಸಾಗಿ ನುಂಗುತ್ತದೆ. ನಡುವೆ ತೆಳು ಟೇಪ್ ಹಚ್ಚಿ ದಪ್ಪವನ್ನು 2 ಮಿ.ಮೀ.ಗೆ ಇಳಿಸಿದರೆ ಅದೇ ವ್ಯತ್ಯಾಸ ದಿನವೂ ಅಂಚನ್ನು ಹೆಚ್ಚು ಬಲವಾಗಿ ಜಗ್ಗುತ್ತದೆ.

ಕೊಟೇಶನ್‌ನಲ್ಲೇ ಮೋಸ ಹಿಡಿಯಲು ಒಂದು ದಾರಿ ಇದೆ. ಮೇಲಿನ ಗಾಜಿನ ಸುತ್ತಳತೆ 6.6 ಮೀಟರ್. 8 ಅಗಲ, 6 ದಪ್ಪದ ಗೆರೆಗೆ ಮೀಟರಿಗೆ 48 ಮಿ.ಲೀ. ಬೇಕು, ಒಟ್ಟು 317. ಒಂದು ಗಾಜಿಗೆ 300 ಮಿ.ಲೀ. ಟ್ಯೂಬ್ ಒಂದೂ ಸಾಲದು. ಎರಡು ಕಿಟಕಿಗೆ ಒಂದು ಟ್ಯೂಬ್ ಎಂದು ಬರೆದಿದ್ದರೆ ಬೈಟ್ ಅರ್ಧವಾಗಿದೆ ಎಂದೇ ಅರ್ಥ.

ಗಾಜಿನ ತೂಕವನ್ನೂ ಸಿಲಿಕಾನ್ ಮೇಲೆ ಹೇರಬಾರದು. 8 ಮಿ.ಮೀ. ದಪ್ಪದ ಆ ಗಾಜು 50 ಕಿಲೊ ತೂಗುತ್ತದೆ. ಸದಾ ಇರುವ ಭಾರಕ್ಕೆ ಸಿಲಿಕಾನ್ ನಿಧಾನವಾಗಿ ಜಗ್ಗುತ್ತದೆ. ಕೆಳಗೆ ತೂಕ ಹೊರುವ ಎರಡು ಸೆಟ್ಟಿಂಗ್ ಬ್ಲಾಕ್ (ಗಾಜಿನಡಿ ಇಡುವ ಚಿಕ್ಕ ತುಂಡು), ಅಗಲದ ಕಾಲುಭಾಗದ ಜಾಗಗಳಲ್ಲಿ ಇರಲಿ.

ಈಗ ಮೈ ಒರೆಸುವ ಕೆಲಸ, ಕರಾವಳಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಡುವುದು ಇದೇ. ಫ್ರೇಮ್ ಸೈಟಿನಲ್ಲಿ ನಾಲ್ಕು ದಿನ ನಿಂತರೆ ಅದರ ಮೇಲೆ ಉಪ್ಪಿನ ಪೊರೆ ಕೂರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕೆಲಸಗಾರರು ಐಸೊಪ್ರೊಪೈಲ್ ಆಲ್ಕೋಹಾಲ್ ಒರೆಸಿ ಮುಗಿಸುತ್ತಾರೆ. ಆಲ್ಕೋಹಾಲ್ ಎಣ್ಣೆ ತೆಗೆಯುತ್ತದೆ, ಉಪ್ಪನ್ನು ಕರಗಿಸುವುದಿಲ್ಲ. ಮೊದಲು ಸಿಹಿನೀರಿನ ಬಟ್ಟೆ, ಪೂರ್ತಿ ಒಣಗಿದ ಮೇಲೆ ಆಲ್ಕೋಹಾಲ್ ಬಟ್ಟೆ, ಅದು ಆರುವ ಮುಂಚೆಯೇ ಒಣ ಬಿಳಿ ಹತ್ತಿಬಟ್ಟೆ. ತಾನಾಗಿ ಆರಲು ಬಿಟ್ಟರೆ ಕೊಳೆ ಅಲ್ಲೇ ಮತ್ತೆ ಕೂರುತ್ತದೆ. ಪೇಂಟ್ ಥಿನ್ನರ್ ಹತ್ತಿರವೂ ತರಬೇಡಿ.

ಮಳೆಗಾಲದಲ್ಲಿ ಸಿಲಿಕಾನ್ ಗಟ್ಟಿಯಾಗುವುದಿಲ್ಲ ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಇದು ತಪ್ಪು. ತೇವ ಹೆಚ್ಚಿದ್ದರೆ ಇನ್ನೂ ಬೇಗ ಗಟ್ಟಿಯಾಗುತ್ತದೆ. ಹಿಡಿಯದೆ ಇರುವುದು ಲೋಹದ ಮೇಲಿನ ನೀರಿನ ತೆಳು ಪದರದಿಂದ. ಹಾಗಾಗಿ ಗಾಜನ್ನು ಫ್ರೇಮಿಗೆ ಕೂರಿಸುವ ಕೆಲಸ ವರ್ಕ್‌ಶಾಪಿನಲ್ಲೇ, ಮಲಗಿಸಿಟ್ಟು ಆಗುವುದು ಒಳ್ಳೆಯದು. ಮೂರು ವಾರದವರೆಗೆ ಫ್ರೇಮನ್ನು ಎತ್ತಿ ಗಾಳಿಯ ಎಳೆತಕ್ಕೆ ಒಡ್ಡಬಾರದು; ಪೂರ್ತಿ ಹಿಡಿಯಲು 14ರಿಂದ 21 ದಿನ ಬೇಕು. ಮೇಲ್ಮೈ ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತಿಗೇ ಕೈಗಂಟದ ಹಾಗಾಗುವುದರಿಂದ ಅವಸರ ಮಾಡುವವರೇ ಜಾಸ್ತಿ.

ಲೋಹದ ವಿಚಾರದಲ್ಲಿ ಆನೋಡೈಸ್ ಮಾಡಿದ (ಲೋಹದ ಮೈಯನ್ನೇ ಗಟ್ಟಿ ಆಕ್ಸೈಡ್ ಪದರವಾಗಿಸಿದ) ಅಲ್ಯೂಮಿನಿಯಂ ನಮ್ಮ ಮೊದಲ ಆಯ್ಕೆ. ಪೌಡರ್ ಕೋಟಿಂಗ್‌ನಲ್ಲಿ, ಅಂದರೆ ಪುಡಿ ಬಣ್ಣ ಬೇಯಿಸಿ ಕೂರಿಸಿದ ಲೋಹದಲ್ಲಿ, ಸಿಲಿಕಾನ್ ಹಿಡಿಯುವುದು ಬಣ್ಣವನ್ನು. ಬಣ್ಣ ಲೋಹವನ್ನು ಬಿಟ್ಟರೆ ಗಾಜೂ ಅದರ ಜೊತೆ ಹೋಗುತ್ತದೆ. ಕೊರೆದ, ಕತ್ತರಿಸಿದ ತುದಿಯಿಂದ ಉಪ್ಪುನೀರು ಬಣ್ಣದಡಿ ನುಗ್ಗಿ ಗುಳ್ಳೆ ಎಬ್ಬಿಸುವುದು ಇಲ್ಲಿ ಸಾಮಾನ್ಯ. ಶಿರಸಿಯಂಥ ಘಟ್ಟದ ಮೇಲಿನ ಊರಿಗೆ ಈ ಉಪ್ಪಿನ ಭಯವಿಲ್ಲ, ಒಳ್ಳೆಯ ಪೌಡರ್ ಕೋಟಿಂಗ್ ನಡೆಯುತ್ತದೆ. ಬಾಲ್ಕನಿಯ ಗಾಜಿನ ರೇಲಿಂಗ್‌ಗೆ ಮಾತ್ರ ಈ ಟ್ಯೂಬನ್ನು ನಂಬಬೇಡಿ. ಅಲ್ಲಿ ಬೇಕಾದದ್ದು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಕ್ಲ್ಯಾಂಪು, 304 ದರ್ಜೆಯದು ಕಡಲಂಚಿನಲ್ಲಿ ಬೇಗ ಕಂದು ಕಲೆ ಹಿಡಿಯುತ್ತದೆ.

ಹಣ ಚುಕ್ತಾ ಮಾಡುವ ಮೊದಲು, 21 ದಿನ ಕಳೆದ ಮೇಲೆ ಒಂದು ಎಳೆತದ ಪರೀಕ್ಷೆ ಮಾಡಿಸಿ. ಅದೇ ಫ್ರೇಮಿನ ತುಂಡಿನ ಮೇಲೆ ಅದೇ ದಿನ ಎಳೆದ ಸಿಲಿಕಾನ್ ಗೆರೆಯ ತುದಿಯನ್ನು ಬ್ಲೇಡಿನಿಂದ 50 ಮಿ.ಮೀ. ಬಿಡಿಸಿ, ಲಂಬಕ್ಕೆ ಜಗ್ಗಬೇಕು. ರಬ್ಬರು ನಡುವೆ ಹರಿದು ಲೋಹದ ಮೇಲೆ ಉಳಿದರೆ ಕೆಲಸ ಪಾಸು. ಸ್ಟಿಕ್ಕರಿನಂತೆ ನುಣ್ಣಗೆ ಎದ್ದು ಬಂದರೆ ಆ ದಿನ ಕೂರಿಸಿದ ಅಷ್ಟೂ ಗಾಜನ್ನು ಬಿಚ್ಚಿಸಿ, ಫ್ರೇಮ್ ತೊಳೆಸಿ, ಮತ್ತೆ ಕೂರಿಸಿಕೊಳ್ಳಿ.