ನಿವೇದನೆ ಪತ್ರ ಬರೆದುಕೊಡಿ ಅಂದರೆ ಎದ್ದು ಬನ್ನಿ

ಕೊಡಗಿನ ಮಾದಾಪುರ, ಮಕ್ಕಂದೂರು, ಸೋಮವಾರಪೇಟೆ ಕಡೆಯವರು ದಯವಿಟ್ಟು ಪೂರ್ತಿ ಓದಿ. ಮನೆಮನೆಗೆ ಬಂದು ಜನರನ್ನು ಸತ್ಸಂಗಕ್ಕೆ ಸೇರಿಸುವ ಒಬ್ಬ ಗುರುವಿನ ಬಳಗದ ವಿಷಯ ಇದು, ನಾನು ಅದರೊಳಗಿದ್ದು ಹೊರಗೆ ಬಂದವಳು. ಸಿದ್ದಾಪುರ, ವಿರಾಜಪೇಟೆ ಕಡೆಗೂ ಈಗ ಕಾಲಿಟ್ಟಿದ್ದಾರೆ ಅಂತ ಕೇಳಿದೆ, ಅವರೂ ಓದಿ. ಬಳಗದ ಹೆಸರು ಹಾಕುತ್ತಿಲ್ಲ. ಹೆಸರು ಹಾಕಿ ಬರೆದ ಒಬ್ಬರಿಗೆ ವಕೀಲರ ನೋಟಿಸ್ ಬಂದಿದೆ. ಅವರು ನಡೆದುಕೊಳ್ಳುವ ರೀತಿ ಹೇಳಿದರೆ ಸಾಕು, ಗೊತ್ತಾಗಬೇಕಾದವರಿಗೆ ಗೊತ್ತಾಗುತ್ತದೆ.

ಇವರು ನಮ್ಮ ಕಡೆ ಬಂದದ್ದು 2018ರ ಆಗಸ್ಟ್ ಆದ ಮೇಲೆ. ಬೆಟ್ಟ ಜಾರಿ, ರಸ್ತೆ ಹೋಗಿ, ಜನ ಪರಿಹಾರ ಕೇಂದ್ರದಲ್ಲಿ ಮಲಗಿದ್ದ ದಿನಗಳು. ಆಗ ಅಕ್ಕಿ, ಕಂಬಳಿ ತಂದವರು ನೂರಾರು ಜನ, ಅವರಿಗೆಲ್ಲ ಇವತ್ತಿಗೂ ಕೈ ಮುಗಿಯುತ್ತೇನೆ. ಎಲ್ಲರೂ ಕೊಟ್ಟು ಹೋದರು. ಇವರು ಮಾತ್ರ ಹೋಗಲಿಲ್ಲ. ಮಳೆ ನಿಂತ ಮೇಲೂ ವಾರ ವಾರ ಮನೆಗೆ ಬಂದರು. "ಅಕ್ಕಾ, ರಾತ್ರಿ ನಿದ್ದೆ ಬರ್ತದಾ?" ಅಂತ ಕೇಳಿದರು. ಸರ್ಕಾರದವರು ದಾಖಲೆ ಕೇಳಿದರು, ಪೇಪರಿನವರು ಫೋಟೋ ಕೇಳಿದರು. ನಿದ್ದೆ ಬರ್ತದಾ ಅಂತ ಕೇಳಿದವರು ಇವರೊಬ್ಬರೇ. ಮರುವರ್ಷ ಆಗಸ್ಟಿನಲ್ಲಿ ತೋರ ಗ್ರಾಮದಲ್ಲಿ ಮಣ್ಣು ಕುಸಿಯಿತು. 2020ರ ಆಗಸ್ಟಿನಲ್ಲಿ ತಲಕಾವೇರಿಯಲ್ಲೇ ಗಜಗಿರಿ ಬೆಟ್ಟ ಜಾರಿತು. ಜೂನ್‌ನಲ್ಲಿ ಶೀಟಿನ ಮೇಲೆ ಜೋರು ಮಳೆ ಬಿದ್ದರೆ ನಮ್ಮ ಕಡೆ ಈಗಲೂ ಯಾರೂ ಮಾತಾಡುವುದಿಲ್ಲ. ಆ ಭಯವನ್ನೇ ಅವರು ಹಿಡಿದುಕೊಂಡದ್ದು. "ಗುರುಗಳ ರಕ್ಷೆ ಇರುವ ಮನೆ ಹತ್ತಿರ ಮಣ್ಣು ಬರಲ್ಲ" ಅಂದರು.

ಹಾಗಾದರೆ ಸತ್ತವರಿಗೆ ರಕ್ಷೆ ಇರಲಿಲ್ಲ ಅಂತಲಾ? ಇದನ್ನು ಸತ್ಸಂಗದಲ್ಲೇ ಒಬ್ಬ ಹುಡುಗ ಎದ್ದು ನಿಂತು ಕೇಳಿದ. ಗುರುಗಳು ನಕ್ಕರು. "ಇವನ ಬಾಯಲ್ಲಿ ಬೇರೆ ಯಾರೋ ಮಾತಾಡ್ತಿದ್ದಾರೆ, ಪಾಪ" ಅಂದರು. ಅವತ್ತಿನಿಂದ ಅವನ ಪಕ್ಕ ಯಾರೂ ಕೂರಲಿಲ್ಲ. ಯಾರೂ ಕೂರಬೇಡಿ ಅಂತ ಹೇಳಿರಲಿಲ್ಲ, ಆದರೂ ಕೂರಲಿಲ್ಲ.

ಈಗ ನಿವೇದನೆ ಪತ್ರದ ವಿಷಯ. ಶನಿವಾರದ ಸತ್ಸಂಗ ಮುಗಿದ ಮೇಲೆ ಎಲ್ಲರಿಗೂ ಒಂದೊಂದು ಹಾಳೆ ಕೊಡುತ್ತಾರೆ. ಮನಸ್ಸಿನಲ್ಲಿ ಏನಿದೆಯೋ ಎಲ್ಲ ಬರೆಯಬೇಕು. ಯಾರ ಮೇಲೆ ಕೋಪ, ಯಾರ ಮೇಲೆ ಆಸೆ, ಮನೆಯಲ್ಲಿ ಏನು ಜಗಳ, ಸಾಲ ಎಷ್ಟು, ತೋಟದಲ್ಲಿ ಫಸಲು ಹೇಗಿದೆ. ಬರೆದು ಕವರಿನಲ್ಲಿ ಹಾಕಿ ಅಂಟಿಸಿ ಹೆಸರು ಬರೆದು ಕೊಡಬೇಕು. "ಇದನ್ನು ಯಾರೂ ಒಡೆಯಲ್ಲ. ಹುಣ್ಣಿಮೆ ಹೋಮದಲ್ಲಿ ಅಗ್ನಿಗೆ ಹೋಗ್ತದೆ, ನಿಮ್ಮ ಭಾರ ಅಲ್ಲಿಗೆ ಮುಗೀತು." ಹುಣ್ಣಿಮೆ ದಿನ ಕವರುಗಳ ಕಟ್ಟು ಹೋಮಕುಂಡಕ್ಕೆ ಬೀಳುವುದನ್ನು ನಾವೆಲ್ಲ ಕಣ್ಣಾರೆ ನೋಡಿದ್ದೇವೆ. ಉರಿಯುವ ಕವರಿನೊಳಗೆ ಏನಿತ್ತು ಅಂತ ಯಾರು ನೋಡುತ್ತಾರೆ?

ನಾನು ಏನೇನು ಬರೆದಿದ್ದೆ ಅಂತ ಇಲ್ಲಿ ಹೇಳುವುದಿಲ್ಲ. ಒಂದು ಮಾತ್ರ ಹೇಳಲೇಬೇಕು. ಜಮೀನಿನ ಮಾತು ಬಂದಾಗ ಅವ್ವ ಅಣ್ಣನ ಕಡೆ ನಿಂತಿದ್ದಳು, ಆ ಸಿಟ್ಟನ್ನು ಬರೆದಿದ್ದೆ. ಸಿಟ್ಟಿನಲ್ಲಿ ಮಗಳು ಅವ್ವನ ಬಗ್ಗೆ ಏನು ಬರೆಯಬಹುದೋ ಎಲ್ಲ ಬರೆದಿದ್ದೆ.

ಇದರ ಜೊತೆಗೆ ಒಂದೊಂದೇ ಬಿಡಿಸುತ್ತಾ ಬಂದರು. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಮನೆಗೆ ಹೋಗಬೇಡಿ, ಅಲ್ಲಿ ಹಂದಿ ಮಾಂಸ, ಮದ್ಯ ಇರುತ್ತದೆ. ಮದುವೆಗೂ ಬೇಡ, ಅದೇ ಕಾರಣ. ಕಾರಣವರಿಗೆ, ಅಂದರೆ ತೀರಿಹೋದ ಹಿರಿಯರಿಗೆ, ಎಡೆ ಇಡುವುದು ತಾಮಸ ಪೂಜೆ, ಅದಕ್ಕೂ ಬೇಡ. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಬಹುದು, ಆದರೆ ಬಳಗದ ಬಸ್ಸಿನಲ್ಲೇ ಹೋಗಿ ಬಳಗದ ಬಸ್ಸಿನಲ್ಲೇ ಬರಬೇಕು, ಭಾಗಮಂಡಲದಲ್ಲಿ ನೆಂಟರು ಸಿಕ್ಕಿದರೂ ನಿಲ್ಲಬಾರದು. ಮರುದಿನ ಮನೆಯಲ್ಲಿ ಕಾವೇರಮ್ಮನಿಗೆ ಮಾಡುವ ಕಣಿ ಪೂಜೆಗೆ ಕೂರಲಿಲ್ಲ. ಸುಗ್ಗಿ ಹಬ್ಬ ಹುತ್ತರಿಗೆ ಕಕ್ಕಬ್ಬೆ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಮುಹೂರ್ತ ಇಟ್ಟು, ನಾಡಿಗೆ ನಾಡೇ ಗದ್ದೆಗಿಳಿದು, ಕದಿರು ಕುಯ್ದು, ಕೋವಿ ಹಾರಿಸಿ "ಪೊಲಿ ಪೊಲಿ ದೇವಾ" ಅಂತ ಕೂಗುವ ರಾತ್ರಿ ನಾವು ಹಾಲ್‌ನಲ್ಲಿ ಕಣ್ಣು ಮುಚ್ಚಿ ಕೂತಿದ್ದೆವು. ಕೋವಿ ಸದ್ದು ಕೇಳುತ್ತಿತ್ತು. ಕಣ್ಣು ತೆರೆದವರ ಹೆಸರು ಬರೆದುಕೊಂಡರು.

ಮಕ್ಕಳ ಶಿಬಿರದ ವಿಷಯ ಬರೆಯುವಾಗ ಈಗಲೂ ಕೈ ನಡುಗುತ್ತದೆ. ಬೇಸಿಗೆ ರಜೆಯಲ್ಲಿ ಶ್ಲೋಕ ಕಲಿಸುತ್ತೇವೆ ಅಂತ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಮಕ್ಕಳಿಗೂ ಹಾಳೆ ಕೊಡುತ್ತಾರೆ. "ಅಪ್ಪ ಅಮ್ಮ ಮನೇಲಿ ಗುರುಗಳ ಬಗ್ಗೆ ಏನು ಮಾತಾಡ್ತಾರೆ?" ಇದು ಮಕ್ಕಳಿಗೆ ಕೊಟ್ಟ ಪ್ರಶ್ನೆ. ನನ್ನ ಮಗಳು ಇದನ್ನು ನನಗೆ ಹೇಳಿದ್ದು ನಾವು ಹೊರಗೆ ಬಂದ ಎಷ್ಟೋ ಕಾಲದ ಮೇಲೆ, ಅದೂ ಅಳುತ್ತಾ.

ಅವ್ವನನ್ನು ಮಡಿಕೇರಿ ಆಸ್ಪತ್ರೆಗೆ ಸೇರಿಸಿದರು. ಅಣ್ಣ ಫೋನ್ ಮಾಡಿದ, ನಿನ್ನ ಹೆಸರು ಹೇಳ್ತಿದ್ದಾಳೆ, ಬಾ ಅಂದ. ಹೋಗುವ ಮುಂಚೆ ಅಪ್ಪಣೆ ಕೇಳುವುದು ಅಲ್ಲಿನ ಪದ್ಧತಿ. ಕೇಳಿದೆ. ಗುರುಗಳು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತರು. ಆಮೇಲೆ ಹೇಳಿದರು: "ಯಾವ ಅವ್ವ? 'ನನ್ನನ್ನು ಹೆತ್ತದ್ದೇ ಲೆಕ್ಕಕ್ಕಿಲ್ಲ ಅನ್ನುವ ಹಾಗೆ ಮಾಡಿದಳು' ಅಂತ ನೀನೇ ಬರೆದಿದ್ದೀಯಲ್ಲ."

ನಾನು ಬರೆದ ವಾಕ್ಯ ಅದು. ಒಂದಕ್ಷರ ಹೆಚ್ಚು ಕಡಿಮೆ ಇಲ್ಲ. ಅಗ್ನಿಗೆ ಹೋಗಬೇಕಾಗಿದ್ದ ವಾಕ್ಯ.

ಪಕ್ಕದಲ್ಲಿ ಕೂತಿದ್ದವರೆಲ್ಲ "ಆಹಾ, ಗುರುಗಳಿಗೆ ಗೊತ್ತಾಗದ್ದು ಏನಿದೆ" ಅಂತ ಕೈ ಮುಗಿದರು. ಅವರಿಗೆ ಅದು ಮಹಿಮೆ. ನನಗೆ ಮೈಯೆಲ್ಲ ಬೆಂಕಿ ಬಿದ್ದ ಹಾಗಾಯಿತು. ನನ್ನ ಪತ್ರ ಒಡೆದಿದ್ದಾರೆ. ಎಲ್ಲ ಓದಿದ್ದಾರೆ. ಎಲ್ಲ ಅಂದರೆ ಎಲ್ಲ. ಕಾಫಿ ಕುಯ್ಲು ಮುಗಿದು ದುಡ್ಡು ಕೈಗೆ ಬರುವ ವಾರಕ್ಕೆ ಸರಿಯಾಗಿ ಕಾಣಿಕೆ ಕೇಳಲು ಇವರು ಹೇಗೆ ಬರುತ್ತಿದ್ದರು, ಒಣಗಿಸಿದ ಕಾಫಿ ಚೆರ್ರಿ ಎಷ್ಟು ಚೀಲ ಆಗಿದೆ ಅಂತ ಇವರಿಗೆ ಹೇಗೆ ಗೊತ್ತಿರುತ್ತಿತ್ತು, ಎಲ್ಲ ಅಲ್ಲೇ ನಿಂತಲ್ಲೇ ಅರ್ಥವಾಯಿತು. 2024ರಲ್ಲಿ ರೊಬಸ್ಟಾ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದಾಗ "ನಿಮ್ಮ ಸಾಲ ತೀರಿ ಇನ್ನೂ ಉಳಿಯುತ್ತಲ್ಲ ಅಕ್ಕಾ" ಅಂದಿದ್ದರು. ಸಾಲದ ಲೆಕ್ಕ ನಾನು ಗಂಡನಿಗೂ ಸರಿಯಾಗಿ ಹೇಳಿರಲಿಲ್ಲ, ಹಾಳೆಯಲ್ಲಿ ಮಾತ್ರ ಬರೆದಿದ್ದೆ.

ಅಪ್ಪಣೆ ಸಿಗಲಿಲ್ಲ. ಎದ್ದು ಹೋದೆ. ಅವ್ವ ಉಳಿದಳು, ದೇವರ ದಯೆ.

ಆಮೇಲೆ ಶುರುವಾದದ್ದು ಮೆಸೇಜುಗಳು. ನನ್ನ ಪತ್ರಗಳನ್ನು ವಾಪಸ್ ಕೊಡಿ ಅಂದೆ. "ಯಾವ ಪತ್ರ ಅಕ್ಕಾ? ಅಗ್ನಿಗೆ ಅರ್ಪಿಸಿದ್ದು ವಾಪಸ್ ಬರ್ತದಾ?" ಹಾಗಾದರೆ ಗುರುಗಳಿಗೆ ಹೇಗೆ ಗೊತ್ತಾಯಿತು ಅಂದೆ. "ಅದನ್ನೇ ಅಲ್ವಾ ದಿವ್ಯದೃಷ್ಟಿ ಅನ್ನೋದು." ಕೊಟ್ಟ ದುಡ್ಡಿಗೆ ಸರಿಯಾದ ರಸೀದಿ ಕೊಡಿ ಅಂದೆ. "ಗುರುವಿಗೆ ರಸೀದಿ ಕೇಳ್ತೀರಾ?" ಎಲ್ಲ ನಗದು ತೆಗೆದುಕೊಂಡಿದ್ದರು, ಕೊಟ್ಟದ್ದು 'ಸೇವಾ ಕಾಣಿಕೆ' ಅಂತ ಬರೆದ ಚೀಟಿ, ನೋಂದಣಿ ಸಂಖ್ಯೆ ಇಲ್ಲ, ಪ್ಯಾನ್ ಇಲ್ಲ. ಎರಡು ಸಾವಿರ ರೂಪಾಯಿ ದಾಟಿದ ನಗದು ದಾನಕ್ಕೆ ಆದಾಯ ತೆರಿಗೆಯ ವಿನಾಯಿತಿ ಇಲ್ಲ ಅಂತ ಗೊತ್ತಿದ್ದೂ "ತೆರಿಗೆ ಉಳೀತದೆ" ಅಂತ ನಂಬಿಸಿದ್ದರು. ಕೊನೆಗೆ ಒಂದು ಮೆಸೇಜ್ ಬಂತು: "ನಿಮ್ಮ ಒಳ್ಳೆಯದಕ್ಕೆ ಹೇಳ್ತೀವಿ, ಹೊರಗೆ ಮಾತಾಡಿದರೆ ನೀವು ಮನೆಯವರ ಬಗ್ಗೆ ಅಂದುಕೊಂಡಿದ್ದು ಅವರಿಗೂ ತಿಳಿಯಬಹುದು." ಸುಟ್ಟು ಹೋದ ಪತ್ರ ಮನೆಯವರಿಗೆ ಹೇಗೆ ತಿಳಿಯುತ್ತದೆ? ಓದಿದವರೇ ಹೇಳಿ.

ಅದಕ್ಕೇ ನಾನೇ ಅವ್ವನ ಮುಂದೆ, ಅಣ್ಣನ ಮುಂದೆ ಕೂತು ಎಲ್ಲ ಹೇಳಿದೆ. ಅವಮಾನದಿಂದ ತಲೆ ಎತ್ತಲಾಗಲಿಲ್ಲ. ಆದರೆ ಅವರ ಕೈಯಲ್ಲಿದ್ದ ಕತ್ತಿ ಅಲ್ಲಿಗೆ ಮೊಂಡಾಯಿತು.

ಹೊರಗೆ ಬಂದ ಇನ್ನಿಬ್ಬರು ಸಿಕ್ಕಿದರು. ಕುಶಾಲನಗರದಲ್ಲಿ ಒಬ್ಬರ ಮನೆಯಲ್ಲಿ ಕೂತೆವು. ಮೊದಲು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಒಬ್ಬಾಕೆ ಮೆಲ್ಲಗೆ ಹೇಳಿದಳು, "ಗುರುಗಳು ನನಗೊಂದು ಗುಟ್ಟು ಹೇಳಿದ್ದರು, ಹಿಂದಿನ ಜನ್ಮದಲ್ಲಿ ಅಗಸ್ತ್ಯರ ಆಶ್ರಮದಲ್ಲಿ ನಾನು ಅವರ ಜೊತೆ ಇದ್ದೆ ಅಂತ, ಯಾರಿಗೂ ಹೇಳಬೇಡ ಅಂದಿದ್ದರು." ನಾನು, ಇನ್ನೊಬ್ಬಾಕೆ, ಒಬ್ಬರ ಮುಖ ಒಬ್ಬರು ನೋಡಿದೆವು. ನನಗೂ ಅದೇ ಹೇಳಿದ್ದರು. ಅವಳಿಗೂ ಅದೇ. ಅದೇ ಆಶ್ರಮ, ಅದೇ "ಯಾರಿಗೂ ಹೇಳಬೇಡ". ಅಷ್ಟು ವರ್ಷ ಎದೆಯಲ್ಲಿ ಬಚ್ಚಿಟ್ಟುಕೊಂಡಿದ್ದ ಮಾತು. ಕಷ್ಟ ಬಂದಾಗಲೆಲ್ಲ ನೆನೆಸಿಕೊಂಡು ಕಣ್ಣೊರೆಸಿಕೊಂಡ ಮಾತು. ಆ ಮೂರನೆಯವಳು ಅವತ್ತು ಬಿಕ್ಕಿ ಬಿಕ್ಕಿ ಅತ್ತಳು. ದುಡ್ಡಿಗಲ್ಲ, ಆ ಮಾತಿಗೆ. ಕಾವೇರಿ ಹುಟ್ಟಿದ ಕಥೆಯನ್ನು, ಅಗಸ್ತ್ಯರ ಹೆಸರನ್ನು ಹೀಗೆ ಬಳಸಿಕೊಂಡರಲ್ಲ, ಅದನ್ನು ನಾನು ಕ್ಷಮಿಸುವುದಿಲ್ಲ.

ಆ ಮೂರನೆಯವಳ ಕೈಲಿ ಮೈಸೂರಿನ ಸೈಟನ್ನು ದಾನಪತ್ರ ಮಾಡಿಸಿಕೊಂಡಿದ್ದಾರೆ. ನನ್ನದನ್ನೂ ಕೇಳಿದ್ದರು. ನಮ್ಮದು ಜಮ್ಮಾ ಬಾಣೆ, ಮನೆತನಕ್ಕೆ ಸೇರಿ ಬಂದ ಜಮೀನು, ಆರ್‌ಟಿಸಿಯಲ್ಲಿ (ಪಹಣಿ) ಮನೆತನದ ಹಿರಿಯರಾದ ಪಟ್ಟೇದಾರರ ಜೊತೆ ಕುಟುಂಬದವರ ಹೆಸರೆಲ್ಲ ಇದೆ, ಅಣ್ಣ ಸಹಿ ಹಾಕಲ್ಲ ಅಂದ. ಜಮ್ಮಾ ಅಂತ ಸಾಲ ಸಿಗಲ್ಲ, ಮಾರಕ್ಕಾಗಲ್ಲ ಅಂತ ನಾವೆಲ್ಲ ಎಷ್ಟು ಗೊಣಗಿದ್ದೇವೆ! ಅದೇ ನಮ್ಮ ತೋಟ ಉಳಿಸಿತು.

ಆಸ್ತಿ ಬರೆದುಕೊಟ್ಟವರು ಕೇಳಿ. ನಾವು ನೋಡಿದ ವಕೀಲರು ಹೇಳಿದ್ದು ಇದು. ಗುರು ಶಿಷ್ಯರ ನಡುವಿನ ಒತ್ತಡ ಕಾನೂನಿಗೆ ಹೊಸದಲ್ಲ. 1890ರಲ್ಲೇ ಅಲಹಾಬಾದ್ ಹೈಕೋರ್ಟ್, ಮುದುಕನೊಬ್ಬ ಪರಲೋಕದ ಒಳಿತಿಗೆ ಅಂತ ಇಡೀ ಆಸ್ತಿಯನ್ನು ಗುರುವಿಗೆ ಬರೆದುಕೊಟ್ಟ ಪ್ರಕರಣದಲ್ಲಿ ಅದನ್ನು ಅನುಚಿತ ಪ್ರಭಾವ ಅಂತಲೇ ಕಂಡಿತ್ತು. ಆದರೆ ಅಂಥ ದಾನಪತ್ರ ರದ್ದು ಮಾಡಿಸಲು ವಿಷಯ ತಿಳಿದ ಮೇಲೆ ಮೂರು ವರ್ಷ ಮಾತ್ರ ಅವಧಿ. ಇಂಗ್ಲೆಂಡಿನಲ್ಲಿ 1887ರಲ್ಲಿ ಸನ್ಯಾಸಿನಿಯರ ಸಂಘ ಬಿಟ್ಟು ಬಂದ ಹೆಂಗಸೊಬ್ಬಳು ಕೊಟ್ಟ ಆಸ್ತಿ ವಾಪಸ್ ಕೇಳಿದಾಗ, ಒತ್ತಡ ಇತ್ತು ಅಂತ ಕೋರ್ಟು ಒಪ್ಪಿದರೂ ತಡವಾಗಿ ಬಂದಳು ಅಂತ ಅವಳಿಗೆ ಏನೂ ಸಿಗಲಿಲ್ಲವಂತೆ. ನಾಚಿಕೆ ಪಟ್ಟುಕೊಂಡು ವರ್ಷ ಕಳೆಯಬೇಡಿ. ಮೆಸೇಜು ಅಳಿಸಬೇಡಿ, ಚೀಟಿ ಎಸೆಯಬೇಡಿ.

ಮನೆಯವರಿಗೆ ಒಂದು ಮಾತು. ನಿಮ್ಮ ಅಕ್ಕನೋ ಮಗನೋ ಒಳಗಿದ್ದರೆ ಗುರುವನ್ನು ಬೈಯಬೇಡಿ. ನೀವು ಬೈಯುತ್ತೀರಿ ಅಂತ ಅವರಿಗೆ ಮೊದಲೇ ಹೇಳಿಕೊಟ್ಟಿರುತ್ತಾರೆ, ಬೈದ ಕೂಡಲೇ ಗುರುವಿನ ಮಾತು ನಿಜ ಆಗಿಬಿಡುತ್ತದೆ. ನನ್ನ ಅಣ್ಣ ಬೈಯಲಿಲ್ಲ. ಪ್ರತಿ ಹಬ್ಬಕ್ಕೂ ಫೋನ್ ಮಾಡಿ ಕರೆದ, ನಾನು ಬರಲ್ಲ ಅಂದರೂ ಮುಂದಿನ ಹಬ್ಬಕ್ಕೆ ಮತ್ತೆ ಕರೆದ. ಆಸ್ಪತ್ರೆಯಿಂದ ಅವನು ಮಾಡಿದ ಫೋನನ್ನು ನಾನು ಎತ್ತಿದ್ದು ಅದಕ್ಕೇ.

ಹಣ್ಣು ಕುಯ್ಯುವ ಕಾಲ ಹತ್ತಿರ ಬರುತ್ತಿದೆ. ಅವರು ಮನೆಮನೆಗೆ ಬರುವುದೂ ಈಗಲೇ. ಬಿಳಿ ಬಟ್ಟೆ, ಕೈಯಲ್ಲಿ ಪ್ರಸಾದ, "ರಾತ್ರಿ ನಿದ್ದೆ ಬರ್ತದಾ" ಅನ್ನುವ ಪ್ರಶ್ನೆ. ಕಾಫಿ ಕೊಟ್ಟು ಕಳಿಸಿ, ಹಾಳೆ ಮಾತ್ರ ಕೈಗೆ ತೆಗೆದುಕೊಳ್ಳಬೇಡಿ. ಮಕ್ಕಳನ್ನು ಶಿಬಿರಕ್ಕೆ ಕಳಿಸಲೇಬೇಡಿ. ನಿಮ್ಮ ಹತ್ತಿರವೂ ಇವರ ಚೀಟಿ, ಮೆಸೇಜು ಇದ್ದರೆ ನನಗೆ ಬರೆಯಿರಿ. ನಾವು ಮೂವರು ಸೇರಿ ದೂರು ಕೊಡುತ್ತಿದ್ದೇವೆ, ನಿಮ್ಮದೂ ಸೇರಿಸುತ್ತೇವೆ.