ಗಾರ್ಡಿಯನ್ ಹೊಣೆಯಿಂದ ಬಿಡುಗಡೆ: ಕೋರ್ಟಿನ ಈ ಸೇವೆ ಹೇಗಿದೆ?

ಮೈನರ್‌ಗೆ (ಅಪ್ರಾಪ್ತರಿಗೆ) 18 ತುಂಬಿದ ದಿನವೇ, ಅವರ ಆಸ್ತಿ ನೋಡಿಕೊಳ್ಳಲು ಕೋರ್ಟು ನೇಮಿಸಿದ ಗಾರ್ಡಿಯನ್‌ನ ಅಧಿಕಾರ ಮುಗಿಯುತ್ತದೆ, ಅದಕ್ಕೆ ಯಾವ ಅರ್ಜಿಯೂ ಬೇಡ. (21 ಆಗಬೇಕು ಎನ್ನುವವರು ಇನ್ನೂ ಇದ್ದಾರೆ. ಆ ನಿಯಮ ಮೆಜಾರಿಟಿ ಕಾಯ್ದೆಯ 1999ರ ತಿದ್ದುಪಡಿಯಲ್ಲೇ ಹೋಯಿತು.) ಬಾಕಿ ಉಳಿಯುವುದು ಲೆಕ್ಕ ಒಪ್ಪಿಸುವ ಹೊಣೆ. ಅದರಿಂದ ಬಿಡಿಸುವುದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 41ನೇ ಕಲಂ.

ಅರ್ಜಿಯನ್ನು ನೇಮಕ ಮಾಡಿದ ಕೋರ್ಟಿಗೇ, ಹಳೇ ಕೇಸ್ ನಂಬರ್ ಕಾಣಿಸಿ ಹಾಕಬೇಕು. ನೇಮಕ ಆದೇಶದ ದೃಢೀಕೃತ ನಕಲು, ಜನನ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಸ್ತಿ ಪಟ್ಟಿ, ಜಮಾ-ಖರ್ಚು, ಎಲ್ಲ ಕೈಸೇರಿದೆ ಎಂದು ಮೇಜರ್ ಆದವರ ಅಫಿಡವಿಟ್ಟು ಜೊತೆಗಿರಲಿ. ಗಾರ್ಡಿಯನ್ ತಾನೇ ಮಧ್ಯದಲ್ಲಿ ಹೊಣೆ ಬಿಡಬೇಕೆಂದರೆ 40ನೇ ಕಲಂ, ಗಾರ್ಡಿಯನ್‌ನನ್ನು ತೆಗೆಸಬೇಕೆಂದರೆ 39. ಇವನ್ನು ಕಲಸಿ ಹಾಕಿದ ಅರ್ಜಿ ಆಕ್ಷೇಪಣೆಯಲ್ಲೇ ಕೊಳೆಯುತ್ತದೆ.

ನಿಜವಾದ ತೊಡಕು ಜಮಾ-ಖರ್ಚಿನಲ್ಲಿ. 'ಓದಿನ ಖರ್ಚು 80,000' ಎಂದು ಒಂದೇ ಸಾಲು ಬರೆದರೆ ಪ್ರಶ್ನೆ ಬಂದೇ ಬರುತ್ತದೆ. ಫೀಸಿನ ರಸೀದಿ ನಂಬರ್, ತಾರೀಖು ಸಮೇತ ಬಿಡಿಸಿ ಬರೆಯಿರಿ. ಎಫ್‌ಡಿ ನವೀಕರಣವಾದಾಗಲೆಲ್ಲ ಹಳೇ ಅಸಲು, ಬಡ್ಡಿ, ಕಡಿತವಾದ ಟಿಡಿಎಸ್ (ಬಡ್ಡಿಯಲ್ಲಿ ಬ್ಯಾಂಕು ಮುರಿದುಕೊಂಡ ತೆರಿಗೆ) ಬೇರೆಬೇರೆ ಕಾಣಬೇಕು. ಇಲ್ಲದಿದ್ದರೆ ಪಾಸ್‌ಬುಕ್ಕಿಗೂ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ಜಮೀನು ಮಾರಿದ್ದರೆ 29ನೇ ಕಲಮಿನ ಅನುಮತಿ ಆದೇಶ ತೋರಿಸಿ, ಹಣ ಅದರಲ್ಲಿ ಹೇಳಿದ ಕಡೆಗೇ ಹೋಯಿತೇ ಎಂಬುದನ್ನೂ ದಾಖಲೆಯಿಂದ ತೋರಿಸಿ. ಅನುಮತಿ ಇಲ್ಲದೆ ಮಾರಿದ್ದರೆ, ಆ ಮೈನರ್ ತಾನು ಮೇಜರ್ ಆದ 3 ವರ್ಷದೊಳಗೆ ಆ ಕ್ರಯವನ್ನು ರದ್ದುಪಡಿಸಲು ದಾವೆ ಹೂಡಬಹುದು. ಬಾಯಿಮಾತಿನ ಒಪ್ಪಂದದ ಭರವಸೆಯ ಮೇಲೆ ಕೂರುವ ಗಾರ್ಡಿಯನ್ನರಿಗೆ ಇದು ಗೊತ್ತಿರಬೇಕು.

ಸೇವೆಯ ಗುಣ ದೊಡ್ಡದು: ಆಸ್ತಿ, ಲೆಕ್ಕ ಒಪ್ಪಿಸಿದ ಮೇಲೆ ಸಿಗುವ ಬಿಡುಗಡೆ ಆದೇಶ ಹಳೇ ಹೊಣೆಯನ್ನೆಲ್ಲ ತೊಳೆಯುತ್ತದೆ, ಮುಂದೆ ಬಯಲಾಗುವ ವಂಚನೆಯೊಂದನ್ನು ಬಿಟ್ಟು. ದೋಷವೆಂದರೆ ಲೆಕ್ಕ ಕೊಡದವನಿಗೆ 45ನೇ ಕಲಮಿನ ದಂಡ ಹೆಚ್ಚೆಂದರೆ 100 ರೂಪಾಯಿ. ಹಟ ಹಿಡಿದರೆ ದಿನಕ್ಕೆ 10ರಂತೆ ಒಟ್ಟು 500ರವರೆಗೆ. ಇಂದಿನ ಕಾಲಕ್ಕೆ ಇದು ತಮಾಷೆ. ಅದೇ ಕಲಮಿನಡಿ ಹಾಕಬಹುದಾದ ಸಿವಿಲ್ ಜೈಲಿನ ಭಯವಷ್ಟೇ ಕೆಲಸ ಮಾಡುತ್ತದೆ. ಹಳೇ ಕಡತ ರೆಕಾರ್ಡ್ ರೂಮಿನಿಂದ ಬರಬೇಕಾದರೆ ವಾಯಿದೆಗಳೂ ಬೆಳೆಯುತ್ತವೆ. ಐದಕ್ಕೆ ಮೂರೂವರೆ ಅಂಕ.

ಆದೇಶವಾದ ಮೇಲೆ ನಕಲು ಎರಡು ತೆಗೆಸಿ: ಒಂದು ಬ್ಯಾಂಕಿಗೆ, ಇನ್ನೊಂದು ಗಾರ್ಡಿಯನ್ ಪರವಾಗಿ ಬಾಂಡ್ ಬರೆದುಕೊಟ್ಟ ಜಾಮೀನುದಾರರಿಗೆ. ಕೋರ್ಟಿನಲ್ಲಿ ಹಾಜರುಪಡಿಸಿದ ಮೂಲ ಪತ್ರಗಳ ವಾಪಸಿಗೆ ಬೇರೆ ಅರ್ಜಿ ಕೊಡಬೇಕು.